ಕೆಂಪಾದ್ರ ಸಾಲಂಗಿಲ್ಲ, ಗಿಡದಾಗ ಸೊರಗಬೇಕು: ಬ್ಯಾಡಗಿ ಮೆಣಸಿನಕಾಯಿ ಯಾವಾಗ ಬಿಡಸ್ಬೇಕು ಅನ್ನೋದ್ರ ಬಗ್ಗೆ ನನ್ನ ಅನುಭವ

ನಮ್ದು ಶಿಗ್ಗಾಂವಿ ತಾಲೂಕಿನಾಗ ಒಂದ್ ಸಣ್ಣ ಹಳ್ಳಿ, ಎರಿ ಹೊಲ ಎರಡೂವರಿ ಎಕರೆ, ಬೋರ್ ಇಲ್ಲ ಕಾಲುವಿ ಇಲ್ಲ, ಮಳಿ ಆದ್ರ ಬೆಳಿ ಇಲ್ಲಂದ್ರ ಇಲ್ಲ. ಅದ್ರಾಗ ಒಂದೂವರಿ ಎಕರೆ ಪ್ರತಿ ವರ್ಷ ಬ್ಯಾಡಗಿ ಕಡ್ಡಿ ಕಾಯಿ (ತೆಳ್ಳಗ ಉದ್ದ ಇರೋ ಮೆಣಸಿನಕಾಯಿ ತಳಿ) ಹಾಕ್ತೀವಿ, ನಡುವ ಉಳ್ಳಾಗಡ್ಡಿ ಮತ್ತ ಹತ್ತಿ. ಉಳ್ಳಾಗಡ್ಡಿ ಮೊದ್ಲ ಕಿತ್ತು ಹೋಗ್ತೈತಿ, ಆಮ್ಯಾಲೆ ಮೆಣಸಿನಕಾಯಿ, ಕಡೀಕೆ ಹತ್ತಿ. ಅಪ್ಪ ಇರೋತನ ಯಾವಾಗ ಕಾಯಿ ಬಿಡಸ್ಬೇಕು ಅನ್ನೋದು ಅವ್ರಿಗೇ ಬಿಟ್ಟಿದ್ದು, ಒಂದ್ ದಿನ ಮುಂಜಾನೆ ಹೊಲಕ್ಕ ಹೋಗಿ ಬಂದು "ನಾಳೆ ಆಳು ಹೇಳ್ರಿ" ಅಂತಿದ್ರು ಅಷ್ಟ, ಹೆಂಗ ಗೊತ್ತಾತು ಅಂತ ನಾ ಒಮ್ಮೆನೂ ಕೇಳ್ಲಿಲ್ಲ. ಅವ್ರು ಹೋದ ಮ್ಯಾಲೆ ಹುಬ್ಬಳ್ಳ್ಯಾಗಿನ ಕೆಲ್ಸ ಬಿಟ್ಟು ನಾನ ಹೊಲ ಹಿಡಿದೆ. ಬಿತ್ತೋದು, ಎಡಿ ಹೊಡಿಯೋದು, ಔಷಧ ಹೊಡಿಯೋದು ಎಲ್ಲಾ ಯಾರನ್ನರ ಕೇಳಿ ಕಲೀಬಹುದು, ಆದ್ರ ಯಾವಾಗ ಬಿಡಸ್ಬೇಕು ಅನ್ನೋದನ್ನ ಕಲಿಯಾಕ ನನಗ ಮೂರು ನಾಕು ವರ್ಷ ಹಿಡೀತು, ಅದನ್ನ ಇಲ್ಲಿ ಬರೀತೀನಿ.

ಮೊದಲ್ನೇ ವರ್ಷ ಡಿಸೆಂಬರ್ ಎರಡನೇ ವಾರದಾಗ ಹೊಲ ಪೂರಾ ಕೆಂಪಗಾಗಿತ್ತು. ದೂರಿಂದ ನೋಡಿದ್ರ ಕಣ್ಣಿಗೆ ಹಬ್ಬ. ಪ್ಯಾಟ್ಯಾಗ ರೇಟ್ ಛಲೋ ಐತಿ ಅಂತ ಸುದ್ದಿ ಬಂತು, ಮುಂದ ಇಳೀತೈತೇನೋ ಅನ್ನೋ ಹೆದರಿಕಿ ಬ್ಯಾರೆ, ಹನ್ನೆರಡು ಹೆಣ್ಣಾಳು ಹಚ್ಚಿ ಎರಡು ದಿನದಾಗ ಕೆಂಪ ಕಂಡದ್ದೆಲ್ಲಾ ಬಿಡಿಸಿಬಿಟ್ಟೆ, ಅದ್ರಾಗ ಅರ್ಧ ಕೆಂಪ ಅರ್ಧ ಹಸರ ಇದ್ದ ದ್ವಾರಗಾಯಿನೂ ಬಂದ್ವು. ಕಣದಾಗ ಹರವಿದೆ. ನಾಕ್ ದಿನಕ್ಕ ದ್ವಾರಗಾಯಿ ಎಲ್ಲಾ ಬೆಳ್ಳಗ ಹಳದಿ ಆಗಾಕ ಹತ್ತಿದ್ವು, ಪೂರ್ತಿ ಕೆಂಪ ಇದ್ದವು ಸೈತ ಒಣಗಿದ ಮ್ಯಾಲೆ ಇಟ್ಟಂಗಿ ಬಣ್ಣಕ್ಕ ತಿರುಗಿದ್ವು. ಬ್ಯಾಡಗಿ ಪ್ಯಾಟಿಗೆ ಒಯ್ದಾಗ ಖರೀದಿದಾರ ಒಬ್ರು ಚೀಲದಾಗ ಕೈ ಹಾಕಿ ಎರಡು ಕಾಯಿ ಸೀಳಿ ಒಳಗ ನೋಡಿ ಏನೂ ಮಾತಾಡದ ಮುಂದಿನ ಲಾಟಿಗೆ ಹೋದ್ರು. ಅವತ್ತ ನಮ್ಮ ಬಾಜೂ ಹೊಲದ ದೊಡ್ಡವ್ವನ ಕಾಯಿನೂ ಅದ ಅಂಗಡ್ಯಾಗ ಇತ್ತು, ಅದ ಬೀಜ, ಅದ ಮಳಿ, ಅದ ಮಣ್ಣು, ಆದ್ರ ಬೀಟ್‌ರೂಟ್ ಕೊಯ್ದಂಗ ಕಡುಗೆಂಪು ಬಣ್ಣ, ರೇಟಿನಾಗ ಭಾಳ ಫರಕ್ ಬಿತ್ತು.

ವಾಪಸ್ ಬರೋವಾಗ ಟಂಟಂನ್ಯಾಗ ದೊಡ್ಡವ್ವನ್ನ ಕೇಳಿದೆ, ನೀ ಏನ್ ಹಾಕಿದ್ದಿ ಬೇ ಅಂತ. "ಹಾಕೋದೇನೂ ಇಲ್ಲೋ ತಮ್ಮಾ, ಕೆಂಪಾಗೋದು ಬ್ಯಾರೆ ಹಣ್ಣಾಗೋದು ಬ್ಯಾರೆ. ಕಾಯಿ ಗಿಡದಾಗ ಸೊರಗಬೇಕು. ನೀ ಹಸೀದ ಕಿತ್ತಿ" ಅಂದ್ಲು. ಇಡೀ ವಿಷಯ ಇಷ್ಟ. ಉಳಿದದ್ದೆಲ್ಲಾ ಈ ಸೊರಗೋದನ್ನ ಹೆಂಗ ಗುರ್ತ ಹಿಡೀಬೇಕು ಅನ್ನೋದು.

ಇದಕ್ಕ ಕಾರಣನೂ ಐತಿ, ಆಮ್ಯಾಲೆ ತಿಳ್ಕೊಂಡೆ. ಬ್ಯಾಡಗಿ ಕಾಯಿಗೆ ಬೆಲಿ ಬರೋದು ಖಾರಕ್ಕಲ್ಲ, ಬಣ್ಣಕ್ಕ. ಖಾರ ಕಡಿಮಿ ಬಣ್ಣ ಜಾಸ್ತಿ, ಅದಕ್ಕ ಮಸಾಲಿ ಕಂಪನಿಯವ್ರು, ಓಲಿಯೋರೆಸಿನ್ (ಕಾಯಿಯಾಗಿನ ಬಣ್ಣದ ಸತ್ವ) ತಗಿಯೋರು ಇಲ್ಲೇ ಬಂದು ಕೊಳ್ತಾರ, 2011ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದ ಬೆಳಿ ಅನ್ನೋ ಸರಕಾರಿ ಗುರ್ತು, ಸೈತ ಸಿಕ್ಕೈತಿ. ಆ ಕೆಂಪು ಬಣ್ಣ ಕೊಡೋದು ಕ್ಯಾಪ್ಸಾಂಥಿನ್ ಅನ್ನೋ ಅಂಶ, ಅದನ್ನ ಆಸ್ಟಾ ಅನ್ನೋ ಲೆಕ್ಕದಾಗ ಅಳೀತಾರ. ಕಾಯಿ ಹೊರಗ ಕೆಂಪಗ ಕಂಡ ದಿನಕ್ಕ ಆ ಅಂಶ ತುಂಬೋದು ಮುಗಿದಿರಂಗಿಲ್ಲ, ಗಿಡದಾಗ ಇದ್ದು ನೀರಿನಂಶ ಇಳಿದು ಬಾಡೋತನಕ ಬಣ್ಣ ಕೂಡ್ತಾನ ಇರ್ತೈತಿ. ಬಿಸಲಿಗೆ ಹಾಕಿದ್ರ ನೀರು ಹೋಗ್ತೈತಿ, ಬಣ್ಣ ಕೂಡಂಗಿಲ್ಲ.

ಈಗ ನಾ ಹೆಂಗ ನೋಡ್ತೀನಿ ಅಂದ್ರ, ಮೊದ್ಲ ಕಣ್ಣಿಗೆ ನಂಬಂಗಿಲ್ಲ, ಕೈಗೆ ನಂಬ್ತೀನಿ. ಬ್ಯಾಡಗಿ ಕಾಯಿ ಹುಟ್ಟಾ ಸುಕ್ಕುಗಾಯಿ, ಹಸರ ಇದ್ದಾಗೂ ಮೈಮ್ಯಾಲೆ ಸುಕ್ಕು ಇರ್ತೈತಿ, ಹೊಸಬ್ರು ಆ ಸುಕ್ಕು ನೋಡಿ ಬಾಡೈತಿ ಅಂತ ತಪ್ಪು ತಿಳ್ಕೊತಾರ. ಎರಡು ಬಟ್ಟಿನ ನಡುವ ಹಿಡಿದು ಮೆತ್ತಗ ಒತ್ತಬೇಕು. ಹಸೀಕಾಯಿ ಬಿರುಸಾಗಿ ವಾಪಸ್ ಏಳ್ತೈತಿ, ಜೋರ್ ಒತ್ತಿದ್ರ ಟಪ್ ಅಂತ ಸೀಳ್ತೈತಿ. ಸೊರಗಿದ ಕಾಯಿ ಮೆತ್ತನ್ನ ಚರ್ಮದಂಗ ಇರ್ತೈತಿ, ಒತ್ತಿದ ಗುರ್ತು ಸ್ವಲ್ಪ ಹೊತ್ತು ಉಳೀತೈತಿ, ಮಡಚಿದ್ರ ಮುರಿಯಂಗಿಲ್ಲ. ಆಮ್ಯಾಲೆ ತೊಟ್ಟಿನ ಬುಡ ನೋಡ್ತೀನಿ, ಯಾಕಂದ್ರ ಬಾಡೋದು ತುದಿಯಿಂದ ಶುರು ಆಗಿ ಹೆಗಲ ಕಡೆ ಬರ್ತೈತಿ, ಹೆಗಲಿನ್ಯಾಗ ಹೊಳಪು ಹೋಗಿ ಸಣ್ಣ ಸಣ್ಣ ಗೆರಿ ಬಿದ್ದಿದ್ರ ಆ ಕಾಯಿ ಬಿಡಸಾಕ ಬಂದೈತಿ ಅಂತ. ಬಣ್ಣನೂ ಹೊಳೆಯೋ ಕೆಂಪು ಹೋಗಿ ಮಬ್ಬ ಕಡುಗೆಂಪು ಆಗಿರ್ತೈತಿ. ಅನುಮಾನ ಬಂದ್ರ ಒಂದು ಸೀಳಿ ನೋಡ್ತೀನಿ, ಒಳಗಿನ ಗ್ವಾಡಿನೂ ಹೊರಗಿನಷ್ಟ ಕೆಂಪ ಇರ್ಬೇಕು, ಬೀಜ ಗಟ್ಟಿ ಆಗಿ ಬಂಗಾರದ ಬಣ್ಣಕ್ಕ ಬಂದಿರ್ಬೇಕು, ಬೀಜ ಬೆಳ್ಳಗ ಮೆತ್ತಗಿದ್ರ ಇನ್ನೂ ವಾರ ಬೇಕು.

ಹೊಲದ ದಂಡ್ಯಾಗಿನ ಗಿಡ ನೋಡಿ ತೀರ್ಮಾನ ಮಾಡಬಾರ್ದು. ದಂಡಿ ಗಿಡಕ್ಕ ಗಾಳಿ ಬಿಸಲು ಜಾಸ್ತಿ, ಮೊದ್ಲ ಸೊರಗ್ತಾವು. ನಾ ಹೊಲದ ಒಳಗ ಐದಾರು ಕಡೆ ಹೋಗಿ ಒಂದೊಂದ್ ಕಡೆ ಹತ್ತ ಗಿಡ ಮುಟ್ಟಿ ನೋಡ್ತೀನಿ, ಕೆಂಪ ಕಾಯಿ ಒಳಗ ಅರ್ಧದಷ್ಟು ಸೊರಗಿದ್ರ ಮೊದಲ್ನೇ ಬಿಡಸೋದು ಶುರು. ಗಿಡದಾಗ ಕೆಳಗಿನ ಕವಲಿನ ಕಾಯಿ ಮೊದ್ಲ ಹಣ್ಣಾಗ್ತಾವು, ಅದ ಹೊತ್ತಿಗೆ ಮ್ಯಾಲೆ ಹಸರಗಾಯಿ, ಇನ್ನೂ ಮ್ಯಾಲೆ ಹೂವು. ಒಮ್ಮೆಲೇ ಬಿಡಸಿ ಮುಗಸೋ ಬೆಳಿ ಅಲ್ಲ ಇದು. ನಮ್ಮ ಹೊಲದಾಗ ಮೂರು ಸಲ ಆಗ್ತೈತಿ, ಡಿಸೆಂಬರ್ ಕಡೀಕೊಮ್ಮೆ, ಜನವರಿ ಕಡೀಕೊಮ್ಮೆ, ಶಿವರಾತ್ರಿ ಸುತ್ತಮುತ್ತ ಉಳಿದದ್ದು. ಎರಡನೇ ಸಲದ ಕಾಯಿ ನಮ್ಮಲ್ಲಿ ಯಾವಾಗ್ಲೂ ಛಲೋ, ಬೀಜಕ್ಕೂ ಅದ್ರಾಗ ಆರಸ್ತೀನಿ, ಮುಟುರು ರೋಗ (ಎಲಿ ಮುದುಡೋ ರೋಗ) ಹತ್ತದ ನಲವತ್ತ ಗಿಡಕ್ಕ ದಾರ ಕಟ್ಟಿ ಇಟ್ಟಿರ್ತೀನಿ.

ಇನ್ನ ಆಳಿನ ವಿಷಯ, ಇದನ್ನ ಯಾರೂ ಹೇಳಂಗಿಲ್ಲ. ಕಿಲೋ ಲೆಕ್ಕದಾಗ ಬಿಡಸಾಕ ಕೊಟ್ರ ಹಸೀಕಾಯಿ ತೂಕ ಹೆಚ್ಚಿಗೆ ಬರ್ತೈತಿ, ಸೊರಗಿದ ಕಾಯಿ ಹಗುರ, ಹಿಂಗಾಗಿ ಆಳಿನವ್ರು ಹಸೀ ಕೆಂಪನ್ನೂ ಕೀಳ್ತಾರ, ಅದ್ರಾಗ ಅವ್ರ ತಪ್ಪಿಲ್ಲ, ಲೆಕ್ಕಾನ ಹಂಗೈತಿ. ನಾ ದಿನಗೂಲಿ ಕೊಡ್ತೀನಿ, ಮುಂಜಾನೆ ಎಲ್ಲಾರ ಕೈಯಾಗೂ ಒಂದ್ ಸೊರಗಿದ ಕಾಯಿ ಒಂದ್ ಹಸೀ ಕಾಯಿ ಕೊಟ್ಟು ಒತ್ತಿ ನೋಡ್ರಿ ಅಂತೀನಿ, ಎರಡು ಸಾಲು ಆಗೋದ್ರಾಗ ಅವ್ರ ಕೈ ನನ್ನ ಕೈಕಿಂತ ಚುರುಕಾಗಿರ್ತಾವು. ನಾವು ಮಾರೋದು ಒಣಗಿಸಿ, ನಾಕ್ ಕಿಲೋ ಹಸೀಕಾಯಿ ಒಣಗಿಸಿದ್ರ ಹೆಚ್ಚುಕಡಿಮಿ ಒಂದ್ ಕಿಲೋ, ಹಸೀ ತೂಕ ನೋಡಿ ಖುಷಿ ಪಡೋದ್ರಾಗ ಏನೂ ಇಲ್ಲ. ಮಂಜು ಆರೋತನಕ, ಅಂದ್ರ ಒಂಬತ್ತೂವರಿ ಹತ್ತು ಗಂಟೆತನ, ಹೊಲಕ್ಕ ಇಳಿಸಂಗಿಲ್ಲ. ತೊಟ್ಟು ಸಮೇತ ಬಿಡಸ್ಬೇಕು, ತೊಟ್ಟು ಹರಿದ ಕಡೆಯಿಂದ ಬೂಷ್ಟು ಒಳಗ ಹೋಗ್ತೈತಿ.

ಹಂಗಂತ ಕಾಯೋದ ಯಾವಾಗ್ಲೂ ಸರಿ ಅಂತಲ್ಲ. 2021ರ ನವೆಂಬರ್‌ದಾಗ ಅಕಾಲಿಕ ಮಳಿ ಹಿಡೀತಲ್ಲ, ನಮ್ಮ ಹಾವೇರಿ ಧಾರವಾಡ ಕಡೆ ಮೆಣಸಿನಕಾಯಿ ಬೆಳೆದವ್ರಿಗೆ ಅದು ಮರಿಯಾಕಾಗಂಗಿಲ್ಲ. ಆ ವರ್ಷ ನಮ್ಮಲ್ಲಿ ಕೆಳಗಿನ ಕಾಯಿ ಲಗೂನ ಸೊರಗಿದ್ವು, ಇನ್ನ ನಾಕ್ ದಿನ ತಡದು ಬಿಡಸೂಣು ಅಂತ ನಾ ಸುಮ್ನಾದೆ. ಮಳಿ ಬಂತು. ಬಿರುಸಾದ ಹಸೀಕಾಯಿ ಮೈಮ್ಯಾಲಿನ ನೀರು ಜಾರಿ ಹೋಗ್ತೈತಿ, ಆದ್ರ ಸೊರಗಿದ ಕಾಯಿ ಅರಬಿ ಹೀರಿದಂಗ ನೀರು ಹೀರ್ಕೋತೈತಿ, ಮೂರನೇ ದಿನಕ್ಕ ಕರೀ ಚುಕ್ಕಿ, ಐದನೇ ದಿನಕ್ಕ ಕೊಳತ. ಗಾಬರಿ ಬಿದ್ದು ಮಳ್ಯಾಗ ಬಿಡಿಸಿ ಮೂರು ಚೀಲ ತಂದು ಪಡಸಾಲ್ಯಾಗ ಹರವಿ ಫ್ಯಾನ್ ಹಚ್ಚಿದ್ವಿ, ಅವ್ವ ರಾತ್ರಿ ಎರಡೆರಡು ಸಲ ಎದ್ದು ಕೈಯಾಡಿಸ್ತಿದ್ಲು, ಬಿಸಲೇ ಇಲ್ಲ, ಒಂದ್ ಚೀಲದಷ್ಟೂ ಉಳೀಲಿಲ್ಲ. ಅವತ್ತಿಂದ ಮೋಡ ಕಟ್ಟೋ ಲಕ್ಷಣ ಕಂಡ್ರ ಮೊಬೈಲ್‌ನ್ಯಾಗ ಹವಾಮಾನ ನೋಡಿ, ಸೊರಗಿದ್ದನ್ನ ಅಷ್ಟ ಆರಿಸಿ ಮಳಿಗಿಂತ ಮೊದ್ಲ ಬಿಡಿಸಿ ಒಳಗ ಹಾಕ್ತೀನಿ, ಹಸೀ ಕೆಂಪನ್ನ ಗಿಡದಾಗ ಬಿಡ್ತೀನಿ. ಮಳಿ ಬರ್ತೈತಿ ಅಂತ ಎಲ್ಲಾನೂ ಕಿತ್ತು ಹಾಕೋದು ಇನ್ನೂ ದೊಡ್ಡ ಲುಕ್ಸಾನು.

ಅತೀ ತಡ ಮಾಡಿದ್ರೂ ಕೆಡ್ತೈತಿ. ಒಂದ್ ವರ್ಷ ಆಳು ಸಿಗದ ಮೂರನೇ ಸಲದ್ದು ಮಾರ್ಚ್ ಕಡೀತನ ಗಿಡದಾಗ ಉಳೀತು, ಬಿಸಲಿಗೆ ಮುಖ ಮಾಡಿದ ಕಡೆ ಎಲ್ಲಾ ಬಿಳಿಚಿ ಬಿಳಿಗಾಯಿ ಆದ್ವು, ಮುಟ್ಟಿದ್ರ ತೊಟ್ಟು ಬಿಟ್ಟು ಉದುರ್ತಿದ್ವು, ಗಿಣಿ ಬ್ಯಾರೆ ಬಂದು ಕುಟುಕಿದ್ವು, ಹಕ್ಕಿಗೆ ಖಾರ ಹತ್ತಂಗಿಲ್ಲ. ಗಿಡದಾಗ ಗರಿಗರಿ ಸದ್ದು ಬರೋವಷ್ಟು ಒಣಗೋತನ ಬಿಡಬಾರ್ದು, ಸೊರಗಿ ಎಂಟ್ಹತ್ತು ದಿನದೊಳಗ ಬಿಡಸ್ಬೇಕು, ಇದು ನನ್ನ ಲೆಕ್ಕ.

ಬಿಡಸಿದ ಮ್ಯಾಲೆ ಜಾಸ್ತಿ ಹೇಳೋದಿಲ್ಲ. ತಪ್ಪಿ ಬಂದ ದ್ವಾರಗಾಯಿನ ಬ್ಯಾರೆ ಮಾಡಿ ಎರಡು ದಿನ ನೆಳ್ಳಾಗ ಗುಂಪಿ ಹಾಕಿದ್ರ ಒಂದಿಷ್ಟು ಕೆಂಪಾಗ್ತಾವು. ಉಳಿದದ್ದನ್ನ ತಾಡಪತ್ರಿ ಮ್ಯಾಲೆ ತೆಳ್ಳಗ ಹರವಿ ದಿನಕ್ಕ ನಾಕ್ ಸಲ ಕೈಯಾಡಿಸಿ, ಸಂಜಿಗೆ ಗುಂಪಿ ಮಾಡಿ ಮುಚ್ಚೋದು, ಮಂಜು ಬೀಳಬಾರ್ದು. ಸೊರಗಿದ ಕಾಯಿಗೆ ಎಂಟ್ಹತ್ತು ದಿನ ಸಾಕು, ಹಸೀ ಕಿತ್ತದ್ದಕ್ಕ ಹದಿನೈದು ದಿನ ಹಿಡೀತಿತ್ತು. ಮುಷ್ಟಿಯಾಗ ಹಿಡಿದು ಹಿಚುಕಿ ಬಿಟ್ರ ಅರಳ್ಬೇಕು, ಅಲ್ಲಾಡಿಸಿದ್ರ ಬೀಜ ಸದ್ದು ಮಾಡ್ಬೇಕು, ಆದ್ರ ಪುಡಿ ಆಗಬಾರ್ದು. ತೂಕ ಬರ್ಲಿ ಅಂತ ನೀರು ಹೊಡಿಯೋ ಚಟ ಕೆಲವ್ರಿಗೆ ಐತಿ, ದಯವಿಟ್ಟು ಬ್ಯಾಡ್ರಿ, ಬೂಷ್ಟು ಬಂದ್ರ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರ್ತೈತಿ, ಅದನ್ನ ತಿನ್ನೋರು ನಮ್ಮ ಮಕ್ಕಳೂ ಹೌದು.

ಬ್ಯಾಡಗ್ಯಾಗ ಸೋಮವಾರ ಗುರುವಾರ ಟೆಂಡರ್. ಮೊದ್ಲ ನಾ ಆ ದಿನ ಎಣಿಸಿ ಹಿಂದಕ್ಕ ಲೆಕ್ಕ ಹಾಕಿ ಆಳು ಹೇಳ್ತಿದ್ದೆ, ಈಗ ಬಿಟ್ಟೀನಿ. ಪ್ಯಾಟಿ ವಾರಕ್ಕೆರಡು ಸಲ ಬರ್ತೈತಿ, ರೇಟ್ ಬಿದ್ರ ಕೋಲ್ಡ್ ಸ್ಟೋರೇಜ್ ಐತಿ, ಆದ್ರ ಹಸೀ ಕಿತ್ತ ಕಾಯಿಗೆ ಬಣ್ಣ ತುಂಬಾಕ ಎಲ್ಲೂ ಜಾಗ ಇಲ್ಲ.

ಈ ವರ್ಷ ಎರಡನೇ ಸಲದ್ದಕ್ಕ ಸಂಕ್ರಾಂತಿ ಆದ ಮ್ಯಾಲೆ ಹೊಲಕ್ಕ ಹೋಗಿದ್ದೆ, ಮುಟ್ಟಿ ನೋಡಿದೆ, ಬಂದಾವು ಅನಿಸ್ತು, ಮರುದಿನಕ್ಕ ಎಂಟು ಮಂದಿಗೆ ಹೇಳಿನೂ ಬಂದೆ. ದಾರ್ಯಾಗ ದೊಡ್ಡವ್ವ ಕಟ್ಟಿ ಮ್ಯಾಲೆ ಕುಂತಿದ್ಲು, ಕಣ್ಣಿಗೆ ಪರಿ ಬಂದು ಈಗ ಭಾಳ ಕಾಣ್ಸಂಗಿಲ್ಲ ಆಕಿಗೆ, "ತಾರೋ ಇಲ್ಲಿ" ಅಂತ ಕೈ ಚಾಚಿದ್ಲು, ಕಿಸೆದಾಗಿನ ನಾಕ್ ಕಾಯಿ ಅಂಗೈಯಾಗ ಇಟ್ಟೆ. ಒಂದೊಂದ ಹೆಗಲಿನ ಹತ್ರ ಹೆಬ್ಬಟ್ಟಿಲೆ ಒತ್ತಿ ಮೂರನ್ನ ಬದಿಗಿಟ್ಲು, ಒಂದನ್ನ ವಾಪಸ್ ಕೊಟ್ಲು. "ಇದಿನ್ನೂ ಬಿರುಸೈತಿ. ಎಷ್ಟ್ ಗಿಡದಾಗ ಹಿಂಗೈತಿ?" ಅಂದ್ಲು. ಬಡಗಣ ಕಡೆ ಸಾಲೆಲ್ಲಾ ಹಿಂಗ ಇತ್ತು, ನಾ ಅಲ್ಲಿ ಲಗೂ ಲಗೂ ನೋಡಿ ಬಂದಿದ್ದೆ. ಮನಿಗೆ ಹೋಗಿ ಫೋನ್ ಹಚ್ಚಿ ನಾಳೆ ನಾಕ್ ಮಂದಿ ಬರ್ರಿ, ತೆಂಕಣ ಕಡೆ ಅಷ್ಟ ಬಿಡಸೂಣು, ಉಳಿದವ್ರು ಶುಕ್ರವಾರ ಬರ್ರಿ ಅಂದೆ.