ತೊಗರಿಯ ಕಡತ

2015ರ ಅಕ್ಟೋಬರ್‌ನಲ್ಲಿ ತೊಗರಿ ಬೇಳೆಯ ಚಿಲ್ಲರೆ ಬೆಲೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಏರಿದಾಗ ನಾನು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಉಪ ಕಾರ್ಯದರ್ಶಿಯಾಗಿದ್ದೆ. ಬೇಳೆಕಾಳಿಗೆ ಸಂಬಂಧಿಸಿದ ಕಡತಗಳು ನನ್ನ ಮೇಜನ್ನು ದಾಟಿಯೇ ಮೇಲೆ ಹೋಗುತ್ತಿದ್ದವು. ನಮ್ಮ ಮನೆ ಇರುವುದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ. ತಮ್ಮ ಇಂದಿಗೂ ಅಲ್ಲಿ ತೊಗರಿ ಬೆಳೆಯುತ್ತಾನೆ. ಈ ಸಂಗತಿಯನ್ನು, ವಿಷಯ ನನಗೆ ವಹಿಸಲಾದ ದಿನವೇ, ಜಂಟಿ ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿದ್ದೆ. ಅವರು ಓದಿ, "ಹಾಗಾದರೆ ಬಿತ್ತನೆ ಯಾವ ತಿಂಗಳು, ರಾಶಿ ಯಾವ ತಿಂಗಳು ಎಂಬುದಾದರೂ ನಿಮಗೆ ಗೊತ್ತಿರುತ್ತದೆ" ಎಂದು ಹೇಳಿ ಸಹಿ ಹಾಕಿದರು. ತಮಾಷೆಗೆ ಆಡಿದ ಮಾತು ಅದು. ಆದರೆ ಹೊಲಕ್ಕೊಂದು ಪಂಚಾಂಗ, ಕಡತಕ್ಕೊಂದು ಪಂಚಾಂಗ ಎಂಬುದನ್ನು ನಾನು ತಿಳಿಯುವುದಕ್ಕೆ ಮುಂದಿನ ಮೂರು ವರ್ಷ ಬೇಕಾಯಿತು.

ಸಂಪುಟದ ಕಾಗದಪತ್ರಗಳು ಗೋಪ್ಯ. ಮಾಹಿತಿ ಹಕ್ಕು ಕಾಯ್ದೆ ಕೂಡ ಅವುಗಳಿಗೆ ವಿನಾಯಿತಿ ನೀಡಿದ್ದು, ತೀರ್ಮಾನವಾಗಿ ವಿಷಯ ಮುಗಿದ ಬಳಿಕ ತೀರ್ಮಾನ ಮತ್ತು ಅದರ ಕಾರಣಗಳನ್ನು ಬಹಿರಂಗಪಡಿಸಬೇಕೆಂದು ಹೇಳುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಈಗಾಗಲೇ ಪ್ರಕಟವಾಗಿರುವ ತೀರ್ಮಾನಗಳನ್ನು ಮತ್ತು ನನ್ನ ಮೇಜಿನ ಮೇಲೆ ನಾನು ಮಾಡಿದ ಕೆಲಸವನ್ನು ಮಾತ್ರ.

ಹೊರಗಿನಿಂದ ನೋಡುವವರಿಗೆ "ಸರ್ಕಾರ ನಿರ್ಧರಿಸಿತು" ಎಂಬುದು ಒಬ್ಬ ವ್ಯಕ್ತಿಯ ಕ್ರಿಯೆಯಂತೆ ಕೇಳಿಸುತ್ತದೆ. ಸಂವಿಧಾನದ 77ನೇ ವಿಧಿಯ ಅಡಿಯಲ್ಲಿ 1961ರಲ್ಲಿ ಎರಡು ನಿಯಮಾವಳಿಗಳು ರೂಪುಗೊಂಡವು. ಯಾವ ವಿಷಯ ಯಾವ ಇಲಾಖೆಯದು ಎಂದು ಒಂದು ಹೇಳಿದರೆ, ಆ ಇಲಾಖೆ ಯಾರನ್ನು ಕೇಳಿ, ಯಾರ ಒಪ್ಪಿಗೆ ಪಡೆದು ಕೆಲಸ ಮಾಡಬೇಕು ಎಂದು ಇನ್ನೊಂದು ಹೇಳುತ್ತದೆ. ತೊಗರಿಯನ್ನು ಇವುಗಳ ಮುಂದಿಟ್ಟರೆ ಕಾಳು ಬೇಳೆಯಾಗಿ ಒಡೆಯುವುದಕ್ಕಿಂತ ಹೆಚ್ಚು ಹೋಳಾಗುತ್ತದೆ. ಬೆಳೆ ಮತ್ತು ಬೆಂಬಲ ಬೆಲೆ ಕೃಷಿ ಇಲಾಖೆಗೆ ಸೇರಿದ್ದು; ಅಂಗಡಿಯ ಬೆಲೆ ಗ್ರಾಹಕ ವ್ಯವಹಾರಗಳ ಇಲಾಖೆಗೆ; ಆಮದು ಸುಂಕ ಕಂದಾಯ ಇಲಾಖೆಗೆ; ಆಮದು ರಫ್ತಿನ ಮೇಲಿನ ನಿರ್ಬಂಧ ವಾಣಿಜ್ಯ ಇಲಾಖೆಗೆ; ಖರೀದಿಗೆ ಬೇಕಾದ ಹಣ ವೆಚ್ಚ ಇಲಾಖೆಗೆ; ಬೇರೆ ದೇಶದೊಂದಿಗೆ ಒಪ್ಪಂದವಾದರೆ ವಿದೇಶಾಂಗ ಸಚಿವಾಲಯಕ್ಕೆ. ದಾಸ್ತಾನು ಮಿತಿಯ ಆದೇಶ 1955ರ ಅಗತ್ಯ ವಸ್ತುಗಳ ಕಾಯ್ದೆಯ ಅಡಿ ದೆಹಲಿಯಿಂದ ಹೊರಟರೂ, ಗೋದಾಮಿನ ಬಾಗಿಲು ತಟ್ಟುವವರು ರಾಜ್ಯದ ಅಧಿಕಾರಿಗಳು. ಇಷ್ಟು ಮನೆಗಳ ನಡುವೆ ಓಡಾಡಿ ಒಂದು ಮಾತಿಗೆ ತರುವುದೇ ನಮ್ಮಂಥವರ ಕಸುಬು.

ಅದಕ್ಕೆ ನಮ್ಮ ಕೈಯಲ್ಲಿದ್ದ ಉಪಕರಣವೆಂದರೆ ಸಂಪುಟ ಟಿಪ್ಪಣಿ. ಹಿನ್ನೆಲೆ, ಪ್ರಸ್ತಾವ, ಅದಕ್ಕೆ ಸಮರ್ಥನೆ, ತಗಲುವ ವೆಚ್ಚ, ಜಾರಿಯ ವೇಳಾಪಟ್ಟಿ, ಇಲಾಖೆಗಳ ಅಭಿಪ್ರಾಯ, ಕೊನೆಯಲ್ಲಿ ಅನುಮೋದನೆ ಕೋರುವ ಪ್ಯಾರಾ. ಇಡೀ ಟಿಪ್ಪಣಿಯಲ್ಲಿ ಅಕ್ಷರ ಅಕ್ಷರ ತೂಗಿ ಬರೆಯಬೇಕಾದದ್ದು ಈ ಕೊನೆಯ ಪ್ಯಾರಾ, ಏಕೆಂದರೆ ಸಂಪುಟ ಒಪ್ಪುವುದು ಅದನ್ನು. ಹಿಂದಿನ ಹತ್ತು ಪುಟಗಳಲ್ಲಿ ಏನೇ ಬರೆದಿದ್ದರೂ ಆ ಪ್ಯಾರಾದಲ್ಲಿ ಬಿಟ್ಟುಹೋದ ಅಂಶಕ್ಕೆ ಮಂಜೂರಾತಿ ಇಲ್ಲ. ಮೊದಲ ಸಲ ಟಿಪ್ಪಣಿ ಬರೆದಾಗ ನಾನು ಹಿನ್ನೆಲೆಯನ್ನು ಪ್ರಬಂಧದಂತೆ ಬರೆದು, ಕೊನೆಯ ಪ್ಯಾರಾವನ್ನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಕಡತ ಮೂರು ಸಲ ಹಿಂದಕ್ಕೆ ಬಂತು. ಆಮೇಲಿನಿಂದ ಕೊನೆಯ ಪ್ಯಾರಾವನ್ನೇ ಮೊದಲು ಬರೆಯುವ ಅಭ್ಯಾಸ ಮಾಡಿಕೊಂಡೆ. ಯಾರು, ಎಷ್ಟು, ಯಾವ ದರದಲ್ಲಿ, ಯಾವ ತಾರೀಖಿನೊಳಗೆ, ಯಾರ ಹಣದಲ್ಲಿ ಎಂಬುದು ಅಲ್ಲಿ ನಿಂತರೆ ಉಳಿದ ಪುಟಗಳು ತಾವಾಗಿಯೇ ಬರುತ್ತವೆ; ನಿಲ್ಲದಿದ್ದರೆ ಪ್ರಸ್ತಾವ ಇನ್ನೂ ಹಸಿಯಾಗಿದೆ ಎಂದೇ ಅರ್ಥ.

ಕರಡು ಸಿದ್ಧವಾದ ಮೇಲೆ ಅದನ್ನು ಸಂಬಂಧಪಟ್ಟ ಎಲ್ಲ ಇಲಾಖೆಗಳಿಗೆ ಕಳುಹಿಸಿ ಅಭಿಪ್ರಾಯ ಕೇಳಬೇಕು. ಬಂದ ಅಭಿಪ್ರಾಯಗಳನ್ನು ಕೋಷ್ಟಕ ಮಾಡಿ, ಎಡಗಡೆ ಅವರ ಮಾತು, ಬಲಗಡೆ ನಮ್ಮ ಉತ್ತರ ಬರೆದು ಅಂತಿಮ ಟಿಪ್ಪಣಿಗೆ ಲಗತ್ತಿಸಬೇಕು. ನೀತಿ ನಿಜವಾಗಿ ರೂಪುಗೊಳ್ಳುವ ಜಾಗ ಈ ಕೋಷ್ಟಕ ಎಂಬುದು ನನ್ನ ಖಚಿತ ಅಭಿಪ್ರಾಯ. ವೆಚ್ಚ ಇಲಾಖೆಯ ಅಧಿಕಾರಿಯೊಬ್ಬರು ಪ್ರತಿ ಪ್ರಸ್ತಾವಕ್ಕೂ "ಈ ಯೋಜನೆಯಿಂದ ಹೊರಬರುವ ದಾರಿ ಯಾವುದು?" ಎಂದು ಒಂದೇ ಪ್ರಶ್ನೆ ಬರೆಯುತ್ತಿದ್ದರು. ನಮ್ಮ ಕೊಠಡಿಯಲ್ಲಿ ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಖರೀದಿಸಿದ ಬೇಳೆಕಾಳನ್ನು ಯಾವಾಗ, ಯಾರಿಗೆ, ಯಾವ ದರದಲ್ಲಿ ಮಾರುತ್ತೀರಿ ಎಂದು ಅವರು ಕೇಳಿದ್ದು ಎಷ್ಟು ಸರಿಯಾಗಿತ್ತೆಂಬುದು ಗೋದಾಮು ತುಂಬಿದ ಮೇಲೆ ನಮಗೆ ಅರ್ಥವಾಯಿತು. ಕಾರ್ಯದರ್ಶಿಗಳ ಮಟ್ಟದಲ್ಲೂ ಹೊಂದಾಣಿಕೆಯಾಗದ ಅಂಶಗಳು ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯ ಕಾರ್ಯದರ್ಶಿಗಳ ಸಮಿತಿಗೆ ಹೋಗುತ್ತವೆ. ಅಲ್ಲಿಂದ ಮುಂದೆ, ತೊಗರಿಯಂಥ ವಿಷಯದಲ್ಲಿ, ಪ್ರಧಾನ ಮಂತ್ರಿಯವರ ಅಧ್ಯಕ್ಷತೆಯ ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿಗೆ.

ಬೆಲೆ ಏರಿದ ಮೇಲೆ ಎಲ್ಲ ಇಲಾಖೆಗಳೂ ತಮ್ಮ ತಮ್ಮ ಕೀಲಿಯನ್ನು ತಿರುಗಿಸಿದವು. ಆಮದುದಾರರು, ಗಿರಣಿಯವರು ಮುಂತಾದವರ ಮೇಲೆ ದಾಸ್ತಾನು ಮಿತಿ ಬಂತು. ಆಮದಿಗೆ ಸುಂಕವಿರಲಿಲ್ಲ, 2006ರಿಂದಲೇ ಇದ್ದ ರಫ್ತು ನಿಷೇಧ ಮುಂದುವರಿದಿತ್ತು. ಬೆಲೆ ಸ್ಥಿರೀಕರಣ ನಿಧಿಯನ್ನು 2016ರ ಏಪ್ರಿಲ್‌ನಲ್ಲಿ ಕೃಷಿ ಇಲಾಖೆಯಿಂದ ಗ್ರಾಹಕ ವ್ಯವಹಾರಗಳ ಇಲಾಖೆಗೆ ವರ್ಗಾಯಿಸಲಾಯಿತು. ಸರ್ಕಾರವೇ ಕೊಂಡು ಇಡಬೇಕಾದ, ಒಂದೂವರೆ ಲಕ್ಷ ಟನ್ನಿನಿಂದ ಆರಂಭವಾದ ಬೇಳೆಕಾಳು ದಾಸ್ತಾನಿನ ಗುರಿ ಮೊದಲು 8 ಲಕ್ಷ ಟನ್ನಿಗೆ, ಅದೇ ಸೆಪ್ಟೆಂಬರ್‌ನಲ್ಲಿ 20 ಲಕ್ಷ ಟನ್ನಿಗೆ ಏರಿತು. ಮುಂಗಾರಿನ ತೊಗರಿಗೆ 425 ರೂಪಾಯಿ ಬೋನಸ್ ಸೇರಿಸಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಯಿತು. ಜುಲೈನಲ್ಲಿ ಪ್ರಧಾನಿಯವರ ಮಪುಟೊ ಭೇಟಿಯ ಸಂದರ್ಭದಲ್ಲಿ ಮೊಜಾಂಬಿಕ್‌ನೊಂದಿಗೆ ಒಪ್ಪಂದವೂ ಆಯಿತು: 2016-17ರಲ್ಲಿ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್ ಬೇಳೆಕಾಳು.

ಮೊಜಾಂಬಿಕ್ ಒಪ್ಪಂದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಡುಗೆಮನೆಯ ವಿಷಯವೊಂದು ವಿದೇಶಾಂಗ ನೀತಿಯಾಗಿ ಬದಲಾಗುವ ರೀತಿಯನ್ನು ನಾನು ಹತ್ತಿರದಿಂದ ಕಂಡದ್ದು ಅದರಲ್ಲಿ. ಅಲ್ಲಿನ ರೈತರು ಬೆಳೆಯುವ ತೊಗರಿಯಲ್ಲಿ ಅಲ್ಲಿಯವರು ತಿನ್ನುವುದು ಸ್ವಲ್ಪವೇ; ಹೆಚ್ಚಿನದೆಲ್ಲ ನಮಗೆಂದೇ ಹಡಗು ಹತ್ತುತ್ತದೆ. ನಮ್ಮ ಹೊಲದಲ್ಲಿ ತೊಗರಿ ಇನ್ನೂ ಹಸಿರಾಗಿರುವ ಸಮಯಕ್ಕೆ ಅಲ್ಲಿನ ಫಸಲು ಬಂದರಿಗೆ ಬರುವುದರಿಂದ ಎರಡೂ ಕಡೆಗೆ ಅನುಕೂಲವೆಂಬುದು ವಾದ, ಮತ್ತು ಬೆಲೆ ಏರಿದ್ದ ವರ್ಷದಲ್ಲಿ ಅದು ಒಳ್ಳೆಯ ವಾದವೇ ಆಗಿತ್ತು. ಆದರೆ ಸುಂಕವನ್ನು ಒಂದು ಅಧಿಸೂಚನೆಯಿಂದ ರಾತ್ರೋರಾತ್ರಿ ಬದಲಿಸಬಹುದು. ಇನ್ನೊಂದು ದೇಶಕ್ಕೆ ಐದು ವರ್ಷಕ್ಕೆ ಕೊಟ್ಟ ಮಾತನ್ನು ಹಾಗೆ ಬದಲಿಸಲಾಗದು. ದೇಶದೊಳಗಿನ ಬೆಲೆ ನೀತಿ ನೋಡುವ ನಮಗೆ ಒಪ್ಪಂದವೆಂದರೆ ಇಷ್ಟು ಟನ್ ಸರಕು. ವಿದೇಶಾಂಗ ಸಚಿವಾಲಯದವರಿಗೆ ಅದು ದೇಶದ ಮಾತು, ಆಫ್ರಿಕದ ಪೂರ್ವ ಕರಾವಳಿಯ ದೇಶವೊಂದರೊಡನೆ ಕಟ್ಟಿಕೊಳ್ಳುತ್ತಿರುವ ನಂಟು. ಒಂದೇ ಕರಡನ್ನು ಮುಂದಿಟ್ಟುಕೊಂಡು ನಾವು ಪ್ರಮಾಣದ ಸಾಲನ್ನು ನೋಡುತ್ತಿದ್ದರೆ ಅವರು ಅವಧಿಯ ಸಾಲನ್ನು ನೋಡುತ್ತಿದ್ದರು.

ಇನ್ನು ನನ್ನ ತಪ್ಪಿನ ವಿಷಯ. 2016ರಲ್ಲಿ ಮಳೆ ಚೆನ್ನಾಗಿತ್ತು. ಹಿಂದಿನ ವರ್ಷದ ಬೆಲೆ ನೋಡಿದ್ದ ರೈತರು ಹತ್ತಿ, ಸೋಯಾ ಬಿಟ್ಟು ತೊಗರಿಗೆ ಇಳಿದಿದ್ದರು. ಬಿತ್ತನೆಯ ವಾರದ ವರದಿಗಳಲ್ಲಿ ಈ ಏರಿಕೆ ಕಾಣುತ್ತಿತ್ತು. ತಮ್ಮ ಕೂಡ ಫೋನಿನಲ್ಲಿ, ಊರ ಸುತ್ತ ಎಲ್ಲಿ ನೋಡಿದರೂ ತೊಗರಿಯೇ ಎಂದಿದ್ದ. ನಮ್ಮ ಕರಡೊಂದಕ್ಕೆ ಅಭಿಪ್ರಾಯ ಕಳುಹಿಸಿದ ಇಲಾಖೆಯೊಂದು, ಫಸಲು ನಿರೀಕ್ಷೆ ಮೀರಿ ಬಂದರೆ ಆಮದು ಮುಕ್ತವಾಗಿಯೇ ಇರಬೇಕೇ, ಯಾವ ಬೆಲೆಯ ಮಟ್ಟದಲ್ಲಿ ಸುಂಕ ಹಾಕಬೇಕೆಂಬುದನ್ನು ಈಗಲೇ ನಿಗದಿಪಡಿಸಬಾರದೇ ಎಂದು ಒಂದೂವರೆ ಪುಟ ಬರೆದಿತ್ತು. ಟಿಪ್ಪಣಿ ಉದ್ದವಾಗುತ್ತಿದೆ, ಬುಧವಾರದೊಳಗೆ ಹಿಂದಿ ಪ್ರತಿಯೂ ಸಿದ್ಧವಾಗಬೇಕು ಎಂಬ ಒತ್ತಡದಲ್ಲಿ ನಾನು ಆ ಒಂದೂವರೆ ಪುಟವನ್ನು "ಉತ್ಪಾದನೆಯ ಮೇಲೆ ನಿಗಾ ಇಡಲು ಸಲಹೆ ನೀಡಿದೆ" ಎಂಬ ಒಂದು ಸಾಲಿಗೆ ಇಳಿಸಿ, ಬಲಗಡೆ "ಗಮನಿಸಲಾಗಿದೆ" ಎಂದು ಬರೆದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆಕ್ಷೇಪದಲ್ಲಿದ್ದ ಪ್ರಶ್ನೆ ಸಲಹೆಯಾಗಿ ಮೆತ್ತಗಾಗಿತ್ತು, ಮತ್ತು ಮೇಲೆ ಕುಳಿತು ಓದುವವರಿಗೆ ಅಲ್ಲೊಂದು ತೀರ್ಮಾನ ಬಾಕಿ ಇದೆ ಎಂಬುದೇ ಕಾಣದಂತಾಗಿತ್ತು. ಹಾಗೆ ಇಳಿಸಬೇಡಿ ಎಂದು ಹೇಳುವ ನಿಯಮವಿಲ್ಲ. ಕರಡು ಬರೆಯುವವನ ವಿವೇಕಕ್ಕೆ ಬಿಟ್ಟ ವಿಷಯ ಅದು. ಆ ದಿನ ನನ್ನ ವಿವೇಕ ಗಡಿಯಾರ ನೋಡುತ್ತಿತ್ತು.

ಅದೇ ಸೆಪ್ಟೆಂಬರ್‌ನಲ್ಲಿ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ್ ಸುಬ್ರಮಣಿಯನ್ ಅವರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಬೆಂಬಲ ಬೆಲೆ ಏರಿಸಿ, ಖರೀದಿಗೆ ಸಿದ್ಧರಾಗಿ, ರಫ್ತು ನಿಷೇಧವನ್ನೂ ದಾಸ್ತಾನು ಮಿತಿಯನ್ನೂ ತೆಗೆಯಿರಿ ಎಂಬುದು ಅದರ ಸಾರ. ಬೆಲೆ ಎತ್ತರದಲ್ಲಿರುವಾಗ ರಫ್ತು ತೆರೆಯಿರಿ ಎಂಬ ಸಲಹೆಯನ್ನು ಯಾವ ಸರ್ಕಾರವಾದರೂ ಎರಡು ಸಲ ಯೋಚಿಸುತ್ತದೆ. ಬೇಳೆ ದುಬಾರಿಯಾದರೆ ನಾಳೆಯ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ತೊಗರಿ ಅಗ್ಗವಾದರೆ ಆರು ತಿಂಗಳ ಮೇಲೆ ಜಿಲ್ಲಾ ಪುಟದಲ್ಲಿ ಬರುತ್ತದೆ.

ಆರು ತಿಂಗಳೂ ಬೇಕಾಗಲಿಲ್ಲ. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ದೇಶದ ತೊಗರಿ ಉತ್ಪಾದನೆ ಮರುವರ್ಷ ಹೆಚ್ಚುಕಡಿಮೆ ಇಮ್ಮಡಿಯಾಯಿತು. ರಾಶಿ ಮುಗಿದು ಕಲಬುರಗಿಯ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಆವಕ ಏರುತ್ತಿದ್ದಂತೆ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ತಮ್ಮ ಫೋನ್ ಮಾಡಿ, "ಅಣ್ಣಾ, ಸರ್ಕಾರದ ರೇಟು ಐದು ಸಾವಿರದ ಐವತ್ತು ಅಂತ ಬೋರ್ಡ್ ಹಾಕ್ಯಾರ. ಅದರ ಕೆಳಗ ನಿಂತು ನಾಲ್ಕು ಸಾವಿರಕ್ಕ ಕೇಳ್ತಾರ" ಎಂದ. ಖರೀದಿ ಕೇಂದ್ರಗಳಿದ್ದವು, ಮುಂದೆ ಗಾಡಿಗಳ ಸಾಲೂ ಇತ್ತು. ಗೋಣಿಚೀಲದ ಕೊರತೆ, ಗೋದಾಮಿನ ಕೊರತೆ, ಹಣ ಜಮೆಯಾಗಲು ತಡ. ಟಿಪ್ಪಣಿಯ ಜಾರಿ ವೇಳಾಪಟ್ಟಿಯಲ್ಲಿ ಗೋಣಿಚೀಲ ಎಂಬ ಪದವನ್ನು ನಾನು ಎಂದೂ ಬರೆದಿರಲಿಲ್ಲ.

ಆಮೇಲೆ ಕೀಲಿಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುವ ಕೆಲಸ ನಡೆಯಿತು. 2017ರ ಮಾರ್ಚ್ ಕೊನೆಯಲ್ಲಿ ತೊಗರಿ ಆಮದಿಗೆ ಶೇ 10ರ ಸುಂಕ. ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ನಿನ ಆಮದು ಮಿತಿ. ಸೆಪ್ಟೆಂಬರ್‌ನಲ್ಲಿ ತೊಗರಿ, ಉದ್ದು, ಹೆಸರಿನ ರಫ್ತಿಗೆ ಅವಕಾಶ. ನವೆಂಬರ್‌ನಲ್ಲಿ ಎಲ್ಲ ಬೇಳೆಕಾಳುಗಳಿಗೂ. ತಾರೀಖುಗಳನ್ನು ಹೊಲದ ಪಂಚಾಂಗದ ಪಕ್ಕದಲ್ಲಿಟ್ಟರೆ ಉಳಿದದ್ದು ತಿಳಿಯುತ್ತದೆ: ಸಣ್ಣ ರೈತ ಜನವರಿ, ಫೆಬ್ರುವರಿಯಲ್ಲೇ ಮಾರಿ ಮುಗಿಸಿರುತ್ತಾನೆ. ಅವನ ತೊಗರಿ ದಲಾಲರ ಗೋದಾಮಿಗೆ ಸೇರಿದ ಮೇಲೆ ಬಂದ ಸುಂಕದ ಲಾಭ ಅವನಿಗೆ ತಲುಪಿದ್ದು ಅತ್ಯಲ್ಪ. ಅಂದು ಒಂದು ಸಾಲಿಗೆ ಇಳಿಸಿದ ಆ ಒಂದೂವರೆ ಪುಟ ಕೇಳಿದ್ದು ಇದನ್ನೇ. ಆ ಪುಟ ಹಾಗೇ ಇದ್ದಿದ್ದರೆ ಸುಂಕ ಡಿಸೆಂಬರ್‌ನಲ್ಲಿ ಬರುತ್ತಿತ್ತು ಎಂದು ಹೇಳಲಾರೆ. ಕೇಳಬೇಕಾದವರ ಕಿವಿಗೆ ಪ್ರಶ್ನೆಯಾದರೂ ಬೀಳುತ್ತಿತ್ತು.

ಆಗಸ್ಟ್‌ನ ಮಿತಿ ಹೊರಗಿನವರಿಗೂ ತಟ್ಟಿತು. ನಮ್ಮ ಮಾರುಕಟ್ಟೆಯನ್ನೇ ನಂಬಿ ತೊಗರಿ, ಉದ್ದು ಬೆಳೆಯುವ ಮ್ಯಾನ್ಮಾರ್‌ನಲ್ಲಿ ಬೆಲೆ ಕುಸಿಯಿತು. ಸರ್ಕಾರಗಳ ನಡುವಿನ ಒಪ್ಪಂದದ ಆಮದಿಗೆ ಮಿತಿ ಅನ್ವಯಿಸುವುದಿಲ್ಲವೆಂದು ಅಧಿಸೂಚನೆಯಲ್ಲೇ ಹೇಳಿದ್ದರಿಂದ ಮೊಜಾಂಬಿಕ್‌ಗೆ ಕೊಟ್ಟ ಮಾತು ಉಳಿಯಿತು. ಆ ವಿನಾಯಿತಿಯ ಬೆಲೆ ನನಗೆ ಮನವರಿಕೆಯಾದದ್ದು ಆಗ. ಹಿಂದಿನ ವರ್ಷ ಅವಧಿಯ ಸಾಲನ್ನು ಹಿಡಿದು ಕುಳಿತವರು ಏಕೆ ಹಾಗೆ ಕುಳಿತಿದ್ದರೆಂಬುದೂ.

ನಿವೃತ್ತಿಯ ಅಂಚಿನಲ್ಲಿದ್ದಾಗ ಅದೇ ತೊಗರಿ ಜಿನೀವಾ ದಾರಿಯಿಂದ ಮತ್ತೊಮ್ಮೆ ನನ್ನ ಮೇಜಿಗೆ ಬಂತು. ಆಮದು ಪ್ರಮಾಣದ ಮೇಲೆ ಮಿತಿ ಹೇರುವುದು ಸಾಮಾನ್ಯವಾಗಿ ವಿಶ್ವ ವ್ಯಾಪಾರ ಸಂಘಟನೆಯ ನಿಯಮಗಳಿಗೆ ಹೊಂದದ ಕ್ರಮವಾದ್ದರಿಂದ ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳು ಅಲ್ಲಿನ ಕೃಷಿ ಸಮಿತಿಯಲ್ಲಿ ಪ್ರಶ್ನೆ ಎತ್ತುತ್ತಿದ್ದವು. 2019ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ, ಐದು ಬೇಳೆಕಾಳುಗಳಿಗೆ ಭಾರತ ನೀಡುವ ಬೆಂಬಲ ಸಂಘಟನೆಯ ನಿಯಮದ ಮಿತಿಯನ್ನು ಮೀರಿದೆ ಎಂದು ತಮ್ಮದೇ ಲೆಕ್ಕ ಸಲ್ಲಿಸಿದವು. ಆ ಲೆಕ್ಕದ ಕ್ರಮ ವಿಚಿತ್ರ. ಸಂಘಟನೆಯ ಕೃಷಿ ಒಪ್ಪಂದದ ಪ್ರಕಾರ ಇಂದಿನ ಬೆಂಬಲ ಬೆಲೆಯನ್ನು 1986ರಿಂದ 88ರವರೆಗಿನ ಅಂತರರಾಷ್ಟ್ರೀಯ ಬೆಲೆಯೊಡನೆ ಹೋಲಿಸಬೇಕು. ಬಂದ ವ್ಯತ್ಯಾಸವನ್ನು ಎಷ್ಟು ಟನ್ನಿಗೆ ಗುಣಿಸಬೇಕು ಎಂಬುದೇ ಜಗಳ. ಸರ್ಕಾರ ನಿಜವಾಗಿ ಖರೀದಿಸಿದ ಪ್ರಮಾಣಕ್ಕೆ ಎಂಬುದು ನಮ್ಮ ನಿಲುವು, ದೇಶದ ಇಡೀ ಉತ್ಪಾದನೆಗೆ ಎಂಬುದು ಅವರದು.

ಉತ್ತರದ ಕರಡಿಗೆ ಬೇಕಾದ ಅಂಕಿಗಳನ್ನು ಒದಗಿಸುವ ಕೆಲಸ ನನ್ನ ಪಾಲಿಗಿತ್ತು. 2016-17ರ ಸಾಲಿನಲ್ಲಿ 5,050 ಎಂದು ತುಂಬಿದೆ. ನಮ್ಮ ಹೊಲದ ಹನ್ನೊಂದು ಕ್ವಿಂಟಲ್ ತೊಗರಿ ಆ ವರ್ಷ ಖರೀದಿ ಕೇಂದ್ರದ ಸಾಲಿನಲ್ಲಿ ನಾಲ್ಕು ದಿನ ನಿಂತು, ಕೊನೆಗೆ ಗಂಜಿನಲ್ಲಿ ನಾಲ್ಕು ಸಾವಿರದ ಲೆಕ್ಕದಲ್ಲಿ ಹೋಗಿತ್ತು. ಅವರ ಲೆಕ್ಕದಂತೆ ಆ ಹನ್ನೊಂದು ಕ್ವಿಂಟಲಿಗೂ ಬೆಂಬಲ ಸಿಕ್ಕಿತ್ತು. ಈ ಸಲ ಅಭಿಪ್ರಾಯಗಳ ಕೋಷ್ಟಕದಲ್ಲಿ ನಮ್ಮ ನಿಲುವಿಗೆ ತೊಡಕಾಗುವ ಮಾತೊಂದನ್ನು ಇನ್ನೊಂದು ಇಲಾಖೆ ಎರಡು ಪುಟ ಬರೆದಿತ್ತು. ಎರಡೂ ಪುಟಗಳನ್ನು ಇದ್ದ ಹಾಗೆಯೇ ಅನುಬಂಧವಾಗಿ ಲಗತ್ತಿಸಿ, ಬಲಗಡೆಯ ಉತ್ತರ ಬರೆಯಲು ಮೂರು ದಿನದ ಸಮಯ ಕೇಳಿದೆ.