ಹಣಕಾಸು ನಿಯಮಗಳ ಜಾಡು ತಪ್ಪದಿರಲು: ತಾಲ್ಲೂಕು ವಕೀಲರಿಗೊಂದು ಕ್ರಮ

2024ರ ಮಳೆಗಾಲದಲ್ಲಿ ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಕಚೇರಿಗೆ ಬಂದರು. ಸಾಲವನ್ನು ಪೂರ್ತಿ ತೀರಿಸಿ ಎರಡು ತಿಂಗಳಾಗಿದ್ದರೂ ಬ್ಯಾಂಕು ತೋಟದ ಮೂಲ ಕಾಗದಪತ್ರಗಳನ್ನು ಮರಳಿಸಿರಲಿಲ್ಲ. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆ ನನ್ನ ನೆನಪಿನಲ್ಲಿತ್ತು. ಸಾಲ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000ದಂತೆ ಪರಿಹಾರ ಕೊಡಬೇಕು ಎಂಬುದು ಅದರ ಸಾರ. ಅದನ್ನೇ ಆಧಾರವಾಗಿಟ್ಟು ನೋಟೀಸು ಕಳುಹಿಸಿದೆ. ಉತ್ತರ ಎರಡೇ ಸಾಲಿನಲ್ಲಿ ಬಂತು: ಸದರಿ ಸುತ್ತೋಲೆ ವೈಯಕ್ತಿಕ ಸಾಲಗಳಿಗೆ ಸಂಬಂಧಿಸಿದ್ದು, ತಮ್ಮ ಕಕ್ಷಿದಾರರದು ಬೆಳೆ ಸಾಲ. ಸುತ್ತೋಲೆಯನ್ನು ತೆರೆದು ನೋಡಿದರೆ ಆ ಮಾತು ಅದರ ಶೀರ್ಷಿಕೆಯಲ್ಲಿಯೇ ಇತ್ತು. ಕಾಗದಪತ್ರಗಳು ಮುಂದಿನ ವಾರ ಕೈಸೇರಿದವು, ಪರಿಹಾರ ಸಿಗಲಿಲ್ಲ. ಆ ಕಕ್ಷಿದಾರರಿಗೆ ಸಿಗದ ಹಣದ ಆಸೆಯನ್ನು ಹುಟ್ಟಿಸಿದೆನಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ನಿಯಮ ಗೊತ್ತಿಲ್ಲದೆ ಆಗುವ ತಪ್ಪಿಗಿಂತ, ಗೊತ್ತಿರುವ ನಿಯಮವನ್ನು ಅದು ಅನ್ವಯಿಸದ ಸಂಸ್ಥೆಗೋ, ಸಾಲಕ್ಕೋ, ದಿನಾಂಕಕ್ಕೋ ಹಚ್ಚುವುದರಿಂದ ಆಗುವ ತಪ್ಪನ್ನೇ ನಾನು ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಕಂಡಿದ್ದೇನೆ. ಕೆಳಗಿನ ಕ್ರಮವನ್ನು ಈ ತಪ್ಪು ಮರುಕಳಿಸದಿರಲೆಂದೇ ರೂಢಿಸಿಕೊಂಡದ್ದು.

ಮೊದಲ ಕೆಲಸವೆಂದರೆ ನಿಯಮಗಳನ್ನು ಓದಲು ಕೂರುವುದಕ್ಕೂ ಮುನ್ನ, ತಮ್ಮ ಕಕ್ಷಿದಾರರು ವ್ಯವಹರಿಸುವ ಒಂದೊಂದು ಸಂಸ್ಥೆಯೂ ಯಾರ ಅಂಕೆಯಲ್ಲಿದೆ ಎಂದು ಬರೆದಿಟ್ಟುಕೊಳ್ಳುವುದು. ಉತ್ತರ ಕನ್ನಡದಲ್ಲಿ ಒಂದೇ ಕುಟುಂಬಕ್ಕೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಬೆಳೆ ಸಾಲ, ಪೇಟೆಯ ಸೌಹಾರ್ದ ಸಹಕಾರಿಯಲ್ಲಿ ಠೇವಣಿ, ಬ್ಯಾಂಕೇತರ ಹಣಕಾಸು ಕಂಪನಿಯೊಂದರಲ್ಲಿ ಅಡವಿಟ್ಟ ಬಂಗಾರ, ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮನೆ ಸಾಲ ಇರುವುದು ಅಪರೂಪವಲ್ಲ. ಕಕ್ಷಿದಾರರ ಬಾಯಲ್ಲಿ ಇವೆಲ್ಲವೂ ‘ಬ್ಯಾಂಕು’, ಆದರೆ ಕಾನೂನಿನ ಕಣ್ಣಿನಲ್ಲಿ ಬೇರೆಬೇರೆ. ಕೃಷಿ ಪತ್ತಿನ ಸಂಘ ನಡೆಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ, ಸೌಹಾರ್ದ ಸಹಕಾರಿ ನಡೆಯುವುದು 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ. ಶಿರಸಿಯಲ್ಲಿ ಕೇಂದ್ರ ಕಚೇರಿಯಿರುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗಾದರೆ ರಿಸರ್ವ್ ಬ್ಯಾಂಕಿನ ನಿಯಮ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡಿನ ತಪಾಸಣೆ, ಸಹಕಾರ ಇಲಾಖೆಯ ನಿಬಂಧಕರ ಅಧಿಕಾರ ಮೂರೂ ಇವೆ. ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತವನ್ನು ಬಿಗಿಗೊಳಿಸಿದ್ದು 2020ರ ಬ್ಯಾಂಕಿಂಗ್ ನಿಯಂತ್ರಣ ತಿದ್ದುಪಡಿ ಕಾಯ್ದೆ. ₹5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ ಉಂಟು, ಪತ್ತಿನ ಸಂಘಕ್ಕೂ ಸೌಹಾರ್ದ ಸಹಕಾರಿಗೂ ಇಲ್ಲ. ಈ ಒಂದು ವ್ಯತ್ಯಾಸವನ್ನು ಹಣ ಇಡುವ ಮುಂಚೆಯೇ ಹಿರಿಯ ನಾಗರಿಕರಿಗೆ ಬಿಡಿಸಿ ಹೇಳುವುದು ವಕೀಲರ ಕರ್ತವ್ಯವೆಂದೇ ನಾನು ಭಾವಿಸಿದ್ದೇನೆ.

ಎರಡನೆಯದು ಮೂಲವನ್ನು ಹಿಡಿಯುವುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾರಾಂಶವಾಗಲಿ, ಪತ್ರಿಕೆಯ ವರದಿಯಾಗಲಿ ಸುದ್ದಿ ತಿಳಿಯಲು ಸಾಕು, ನೋಟೀಸಿನಲ್ಲಿ ಉಲ್ಲೇಖಿಸಲು ಸಾಲದು. ರಿಸರ್ವ್ ಬ್ಯಾಂಕಿನ ಜಾಲತಾಣದ ಅಧಿಸೂಚನೆಗಳ ಪುಟವನ್ನು ವಾರಕ್ಕೊಮ್ಮೆ ನೋಡಬೇಕು. 2025ರ ನವೆಂಬರ್ 28ರ ನಂತರವಂತೂ ಇದು ಅನಿವಾರ್ಯವಾಗಿದೆ. ಅಂದು ರಿಸರ್ವ್ ಬ್ಯಾಂಕು 9,445 ಹಳೆಯ ಸುತ್ತೋಲೆಗಳನ್ನು ಹಿಂತೆಗೆದುಕೊಂಡು, ಅವುಗಳಲ್ಲಿ ಉಳಿಯಬೇಕಾದುದನ್ನು 244 ಕ್ರೋಡೀಕೃತ ನಿರ್ದೇಶನಗಳಲ್ಲಿ ಸೇರಿಸಿ, 11 ಬಗೆಯ ಸಂಸ್ಥೆಗಳಿಗೆ ಪ್ರತ್ಯೇಕವಾಗಿ ಹೊರಡಿಸಿತು. ಹೀಗಾಗಿ ನಾವು ಬಾಯಿಪಾಠ ಮಾಡಿಕೊಂಡಿದ್ದ ಎಷ್ಟೋ ಸುತ್ತೋಲೆಗಳ ಸಂಖ್ಯೆಗಳು ಈಗ ಹಿಂದಿನ ವ್ಯವಹಾರಗಳಿಗಷ್ಟೇ ಉಪಯುಕ್ತ. ಇಂದಿನ ವ್ಯವಹಾರಕ್ಕೆ ನಗರ ಸಹಕಾರಿ ಬ್ಯಾಂಕಿನ ವಿಷಯವಾದರೆ ನಗರ ಸಹಕಾರಿ ಬ್ಯಾಂಕುಗಳ ನಿರ್ದೇಶನವನ್ನೇ, ವಾಣಿಜ್ಯ ಬ್ಯಾಂಕಿನದಾದರೆ ಅದರದನ್ನೇ ತೆರೆಯಬೇಕು. ಹಾಗೆಂದು ಹಳೆಯ ಪ್ರತಿಗಳನ್ನು ಎಸೆಯಬಾರದು. 2024ರಲ್ಲಿ ಹುಟ್ಟಿದ ವ್ಯಾಜ್ಯಕ್ಕೆ 2024ರಲ್ಲಿ ಜಾರಿಯಲ್ಲಿದ್ದ ಪಠ್ಯವೇ ಬೇಕಾಗುತ್ತದೆ. ಘಟ್ಟದ ಮೇಲಾಗಲಿ ಕೆಳಗಾಗಲಿ, ಜೋರು ಮಳೆಯಲ್ಲಿ ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುವ ನಮ್ಮ ಊರುಗಳಲ್ಲಿ, ಓದಿದ ಪ್ರತಿಯೊಂದನ್ನೂ ಇಳಿಸಿಕೊಂಡು ದಿನಾಂಕ ಹಾಕಿ ಇಟ್ಟುಕೊಳ್ಳುವುದು ಲೇಸು.

ರಿಸರ್ವ್ ಬ್ಯಾಂಕಿನ ಪುಟವೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಕಿರು ಸಾಲ ವಸೂಲಿಯಲ್ಲಿನ ಬಲವಂತವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ ರಾಜ್ಯ ಸರ್ಕಾರದ್ದು, ಅದು ಪ್ರಕಟವಾದದ್ದು ರಾಜ್ಯಪತ್ರದಲ್ಲಿ. ಆದಾಯ ತೆರಿಗೆಗೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದ್ದು, ಕಲಂಗಳ ಸಂಖ್ಯೆಗಳೆಲ್ಲ ಬದಲಾಗಿವೆ. ಇನ್ನು ತೀರ್ಪುಗಳು. ₹20,000 ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ಪಡೆಯುವುದಕ್ಕೆ ಹಳೆಯ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಮಿನ ನಿರ್ಬಂಧವಿತ್ತು. ಅದನ್ನು ಮೀರಿ ಕೊಟ್ಟ ಸಾಲಕ್ಕೆ ಪಡೆದ ಚೆಕ್ಕು ಅಮಾನ್ಯಗೊಂಡರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕರಣ ನಿಲ್ಲುವುದಿಲ್ಲವೆಂದು ಕೇರಳ ಹೈಕೋರ್ಟು ಹೇಳಿತ್ತು. ಆ ನಿಲುವನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ತೆರಿಗೆ ಕಾನೂನಿನಡಿ ದಂಡ ಬೀಳಬಹುದು, ಆದರೆ ಸಾಲವೇ ವಸೂಲಿಗೆ ಅನರ್ಹವಾಗುವುದಿಲ್ಲ ಎಂದಿತು. ಪರವಾಗಿ ವಾದಿಸುವವರಿಗೂ ವಿರುದ್ಧ ವಾದಿಸುವವರಿಗೂ ಇದು ತಿಳಿದಿರಲೇಬೇಕು.

ಮೂರನೆಯ ಹೆಜ್ಜೆಯಲ್ಲಿ ಹೆಚ್ಚು ತಾಳ್ಮೆ ಬೇಕು: ನಿಯಮದ ತಿರುಳಿಗೆ ಹೋಗುವ ಮೊದಲು ಅದರ ಅಂಚುಗಳನ್ನು ಓದುವುದು. ಬಂಗಾರದ ಸಾಲವನ್ನೇ ತೆಗೆದುಕೊಳ್ಳೋಣ. 2025ರ ಏಪ್ರಿಲ್‌ನಲ್ಲಿ ಹೊರಬಂದ ಕರಡನ್ನು ಓದಿದವರು, ಬಂಗಾರದ ಬೆಲೆಯ ಶೇ 75ಕ್ಕಿಂತ ಹೆಚ್ಚು ಸಾಲ ಸಿಗದೆಂದು ಕಕ್ಷಿದಾರರಿಗೆ ಹೇಳಿಬಿಟ್ಟರು. ಜೂನ್ 6ರಂದು ಬಂದ ಅಂತಿಮ ನಿರ್ದೇಶನದಲ್ಲಿ, ಬಳಕೆಯ ಉದ್ದೇಶದ ಸಾಲಗಳಿಗೆ ₹2.5 ಲಕ್ಷದವರೆಗೆ ಶೇ 85, ಅದಕ್ಕೆ ಮೇಲ್ಪಟ್ಟು ₹5 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಎಂದಿತ್ತು. ಅವಧಿಯ ಕೊನೆಗೆ ಅಸಲು ಬಡ್ಡಿ ಎರಡನ್ನೂ ಒಟ್ಟಿಗೆ ಕಟ್ಟುವ ಸಾಲವಾದರೆ, ಈ ಮಿತಿಯನ್ನು ಲೆಕ್ಕಹಾಕುವುದು ಕೈಗೆ ಬಂದ ಮೊತ್ತದ ಮೇಲಲ್ಲ, ಕೊನೆಗೆ ಕಟ್ಟಬೇಕಾದ ಒಟ್ಟು ಮೊತ್ತದ ಮೇಲೆ. ಸಂಸ್ಥೆಗಳು ಇವನ್ನು ಪಾಲಿಸಲು ಕೊಟ್ಟ ಕೊನೆಯ ಗಡುವು 2026ರ ಏಪ್ರಿಲ್ 1. ಕರಡೋ ಅಂತಿಮವೋ, ಯಾವ ಸಂಸ್ಥೆಗೆ, ಯಾವ ಬಗೆಯ ಸಾಲಕ್ಕೆ, ಯಾವ ದಿನದಿಂದ, ತಪ್ಪಿದರೆ ಏನು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಪಠ್ಯದಲ್ಲಿಯೇ ಇರುತ್ತದೆ. ಅದು ಶೀರ್ಷಿಕೆಯಲ್ಲೋ, ವ್ಯಾಖ್ಯೆಗಳಲ್ಲೋ, ಕೊನೆಯ ಪುಟದ ರದ್ದತಿ ಕಂಡಿಕೆಯಲ್ಲೋ ಇದ್ದೀತು. ಕಾರವಾರದ ಬೈತಖೋಲ ಬಂದರಿನ ಬೋಟ್ ಮಾಲೀಕರು ಎಂಜಿನ್ನಿಗೆಂದು ತೆಗೆದ ಸಾಲವೂ ವ್ಯಾಪಾರದ ಸಾಲವೇ. ದಾಖಲೆ ಮರಳಿಸುವ ಆ ₹5,000ದ ಪರಿಹಾರವನ್ನು ಅವರ ಪರವಾಗಿ ಕೇಳುವವರು ಮೊದಲು ಸಾಲ ಮಂಜೂರಾತಿ ಪತ್ರವನ್ನು ನೋಡಬೇಕು.

ಇಷ್ಟನ್ನು ನೆನಪಿನಲ್ಲಿಡಲು ಸಾಧ್ಯವಿಲ್ಲದ್ದರಿಂದ ನಾನೊಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಎಡಪುಟದಲ್ಲಿ ನಿಯಮದ ಹೆಸರು, ಹೊರಡಿಸಿದ ದಿನ, ಜಾರಿಯ ದಿನ. ಬಲಪುಟದಲ್ಲಿ ಅದು ಮುಟ್ಟುವ ನನ್ನ ಕಕ್ಷಿದಾರರ ಕಡತ ಸಂಖ್ಯೆಗಳು ಮತ್ತು ಅವರಿಗೆ ತಿಳಿಸಿದ ದಿನಾಂಕ. ಉದಾಹರಣೆಗೆ ಒಂದು ಪುಟದಲ್ಲಿ ‘ಸಹಕಾರಿ ಬ್ಯಾಂಕ್ ನಿರ್ದೇಶಕರ ಅವಧಿ 8ರಿಂದ 10 ವರ್ಷ, ಅಧ್ಯಕ್ಷರು ಮತ್ತು ಪೂರ್ಣಾವಧಿ ನಿರ್ದೇಶಕರಿಗಲ್ಲ, 1-8-2025’ ಎಂದೂ, ಅದರ ಕೆಳಗೆ ‘ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ, 1-11-2025’ ಎಂದೂ ಇದೆ. ಮೊದಲನೆಯದರ ಎದುರು ಎರಡೇ ಕಡತಗಳು, ಎರಡನೆಯದರ ಎದುರು ಪುಟ ಸಾಲದಷ್ಟು. ರದ್ದಾದ ನಿಯಮವನ್ನು ಅಳಿಸುವುದಿಲ್ಲ, ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ರದ್ದಾದ ದಿನಾಂಕ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಮಾಡುವವರು ಹಾಗೆಯೇ ಮಾಡಲಿ, ಆದರೆ ಬಲಪುಟವನ್ನು ಬಿಡಬಾರದು. ಯಾರಿಗೆ ತಿಳಿಸಬೇಕೆಂದು ಬರೆಯದಿದ್ದರೆ ಓದಿದ್ದು ನಮ್ಮಲ್ಲಿಯೇ ಉಳಿದುಬಿಡುತ್ತದೆ.

ಕಾನೂನು ಅಭಿಪ್ರಾಯ ಕೊಡುವಾಗ ಅದು ಯಾವ ದಿನಾಂಕದವರೆಗಿನ ನಿಯಮಗಳನ್ನು ಆಧರಿಸಿದೆ ಎಂದು ಒಂದು ವಾಕ್ಯ ಸೇರಿಸಿರಿ. ಆರು ತಿಂಗಳ ನಂತರ ಅದೇ ಅಭಿಪ್ರಾಯದ ಜೆರಾಕ್ಸ್ ಹಿಡಿದು ಆಡಳಿತ ಮಂಡಳಿ ಬೇರೊಂದು ಠರಾವು ಮಾಡಿದರೆ ಆ ವಾಕ್ಯವೇ ನಿಮ್ಮನ್ನು ಕಾಯುತ್ತದೆ. ಇದರ ಜೊತೆಗೆ ವಕೀಲರು ತಾವೇ ನಿಯಮದ ವ್ಯಾಪ್ತಿಗೆ ಬರುವ ಸಂದರ್ಭಗಳನ್ನೂ ಗಮನಿಸಬೇಕು. 2023ರ ಮೇ 9ರ ಅಧಿಸೂಚನೆಯಂತೆ, ಬೇರೆಯವರ ಪರವಾಗಿ ಕಂಪನಿ ಸ್ಥಾಪನೆಯ ಏಜೆಂಟರಾಗುವುದು, ನಿರ್ದೇಶಕರಾಗಿ ಕೂರುವುದು, ನೋಂದಾಯಿತ ಕಚೇರಿಗೆ ವಿಳಾಸ ಒದಗಿಸುವುದು ಇವೆಲ್ಲ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ ಚಟುವಟಿಕೆಗಳು. ಪರಿಚಯದವರೆಂಬ ದಾಕ್ಷಿಣ್ಯಕ್ಕೆ ಕಚೇರಿಯ ವಿಳಾಸ ಕೊಡುವ ಮುನ್ನ ಆ ಅಧಿಸೂಚನೆಯನ್ನೂ ಅದರಲ್ಲಿನ ವಿನಾಯಿತಿಗಳನ್ನೂ ಓದಬೇಕು. ಕಕ್ಷಿದಾರರ ಗೋಪ್ಯತೆಯನ್ನು ಕಾಯುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೂಡ, ಕಾನೂನುಬಾಹಿರ ಉದ್ದೇಶಕ್ಕಾಗಿ ನಡೆದ ಮಾತುಕತೆಯನ್ನು ಕಾಯುವುದಿಲ್ಲ.

ಕೊನೆಯ ಕೆಲಸ ತಿಂಗಳಿಗೊಮ್ಮೆಯದು. ನನ್ನನ್ನು ಸಲಹೆಗಾರನಾಗಿ ಇಟ್ಟುಕೊಂಡಿರುವ ಸಂಘಗಳ ಕಾರ್ಯದರ್ಶಿಗಳಿಗೆ ಪ್ರತಿ ತಿಂಗಳ ಮೊದಲ ವಾರ ಕನ್ನಡದಲ್ಲಿ ಒಂದೇ ಪುಟದ ಪತ್ರ ಹೋಗುತ್ತದೆ. ಅದರಲ್ಲಿ ಏನು ಬದಲಾಯಿತು ಎಂಬುದಕ್ಕೆ ಒಂದು ವಾಕ್ಯ, ನಿಮ್ಮ ಸಂಘಕ್ಕೆ ಅನ್ವಯಿಸುತ್ತದೆಯೇ ಎಂಬುದಕ್ಕೆ ಒಂದು ವಾಕ್ಯ, ಯಾವ ದಿನದೊಳಗೆ ಏನು ಮಾಡಬೇಕು ಎಂಬುದಕ್ಕೆ ಒಂದು ವಾಕ್ಯ. ಅನ್ವಯಿಸದ ನಿಯಮವನ್ನೂ ಹೆಸರಿಸಿ ‘ಇದು ನಿಮಗಿಲ್ಲ’ ಎಂದು ಬರೆಯುತ್ತೇನೆ, ಏಕೆಂದರೆ ಸುದ್ದಿ ಕೇಳಿ ಗಾಬರಿಯಾದ ಸದಸ್ಯರು ಕೌಂಟರಿನಲ್ಲಿ ಕೇಳುವುದು ಹೆಚ್ಚಾಗಿ ಅದನ್ನೇ. ಪತ್ರ ತಲುಪಿದ್ದಕ್ಕೆ ಕಾರ್ಯದರ್ಶಿಯವರು ಸಹಿ ಹಾಕಿ ಕಳುಹಿಸಿದ ಪ್ರತಿ ಬಂದ ದಿನ, ಪುಸ್ತಕದ ಬಲಪುಟದಲ್ಲಿ ಆ ಕಡತದ ಎದುರು ದಿನಾಂಕ ಬೀಳುತ್ತದೆ.