ಹಾಂಗ್‌ಕಾಂಗಿಗೆ ಹೊರಟವರಿಗೆ: ಮಿನಿಬಸ್ಸಿನಲ್ಲಿ ದನಿ ಎತ್ತಿ

ಹಾಂಗ್‌ಕಾಂಗಿನಿಂದ ರಜೆಗೆ ಬಾಗಲಕೋಟೆಗೆ ಬಂದಿದ್ದೇನೆ. ನವನಗರದಲ್ಲಿ ನಮ್ಮ ಎದುರು ಮನೆ ಹುಡುಗ ಹಾಂಗ್‌ಕಾಂಗಿಗೆ ಓದೋಕೆ ಹೊರಟಿದ್ದಾನೆ. ಅವನ ತಾಯಿ ಕೇಳಿದ್ದು ಒಂದೇ ಮಾತು: "ತಮ್ಮಾ, ಅಲ್ಲಿ ಮಾತ ಬರಂಗಿಲ್ಲ, ಬಸ್ ಹೆಂಗ ಹತ್ತತಾನ, ಹೆಂಗ ಇಳೀತಾನ?" ಸರಿಯಾದ ಪ್ರಶ್ನೆ. ಅಲ್ಲಿಗೆ ಹೋದ ನಮ್ಮವರು ಬಹಳಷ್ಟು ಜನ ಮಿನಿಬಸ್ಸಿಗೆ ಹೆದರಿ ಮೆಟ್ರೋ ಒಂದನ್ನೇ ನಂಬುತ್ತಾರೆ. ಆದರೆ ಗುಡ್ಡದ ಮೇಲಿನ ಮನೆಗಳಿಗೆ, ಓಣಿಯ ಒಳಗಿನ ವಸತಿಗಳಿಗೆ ಮೆಟ್ರೋ ಹೋಗುವುದಿಲ್ಲ. ಈ ಹುಡುಗ ಸೇರುವ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೂ ಹಾಂಗ್ ಹೌ ಸ್ಟೇಷನ್ನಿನಲ್ಲಿ ಇಳಿದು 11ಎಂ ಮಿನಿಬಸ್ ಹಿಡಿಯಬೇಕು.

ಮೊದಲು ಚಾವಣಿ ನೋಡಿ. ಹಸಿರು ಚಾವಣಿಯದಕ್ಕೆ ನಂಬರ್, ದಾರಿ, ದರ ಎಲ್ಲ ಗೊತ್ತುಮಾಡಿರುತ್ತಾರೆ. ಕೆಂಪು ಚಾವಣಿಯದಕ್ಕೆ ಆ ಕಟ್ಟು ಇಲ್ಲ. ಜನ ಜಾಸ್ತಿ ಇದ್ದಾಗ ದರ ಏರಬಹುದು, ದಾರಿಯೂ ಬದಲಾಗಬಹುದು. ಬ್ರಿಟಿಷ್ ಆಡಳಿತದ ವಿರುದ್ಧ ನಡೆದ 1967ರ ಗಲಭೆ ಹೊತ್ತಿಗೆ ದೊಡ್ಡ ಬಸ್ಸುಗಳು ನಿಂತಾಗ ಜನರನ್ನು ಸಾಗಿಸಿದ್ದು ಇಂಥ ಖಾಸಗಿ ವ್ಯಾನುಗಳೇ. 1969ರಲ್ಲಿ ಅವಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಹೊಸಬರು ಮೊದಲ ತಿಂಗಳು ಹಸಿರನ್ನೇ ಹಿಡಿಯಿರಿ.

ನಮ್ಮ ಟಂಟಂನಲ್ಲಿ "ಸ್ವಲ್ಪ ಸರೀರಿ" ಅಂದರೆ ಇನ್ನೊಬ್ಬರಿಗೆ ಜಾಗ ಹುಟ್ಟುತ್ತೆ, ಅಲ್ವಾ? ಅಲ್ಲಿ ಹುಟ್ಟಲ್ಲ. ಮಿನಿಬಸ್ಸಿನಲ್ಲಿ ನಿಂತು ಹೋಗುವ ಹಾಗೇ ಇಲ್ಲ. ಮೊದಲು 16 ಸೀಟು ಇರುತ್ತಿತ್ತು, 2017ರಿಂದ 19ರವರೆಗೆ ಅವಕಾಶ ಕೊಟ್ಟಿದ್ದಾರೆ. ಸೀಟು ತುಂಬಿದರೆ ನೀವು ಕೈ ಮಾಡಿದರೂ ಚಾಲಕರು ನಿಲ್ಲಿಸದೆ ಹೋಗುತ್ತಾರೆ. ನಿಮ್ಮ ಮೇಲಿನ ಸಿಟ್ಟಲ್ಲ ಅದು. ಬೆಳಿಗ್ಗೆ ನಡುವಿನ ಸ್ಟಾಪಿನಲ್ಲಿ ಕಾಯುತ್ತಾ ಮೂರು ನಾಲ್ಕು ಬಸ್ ಬಿಡುವ ಬದಲು, ಹತ್ತು ನಿಮಿಷ ನಡೆದು ಹೊರಡುವ ಜಾಗಕ್ಕೇ ಹೋಗಿ ಸಾಲಿನಲ್ಲಿ ನಿಲ್ಲಿ. ಸಾಲು ಮುರಿಯಬೇಡಿ. ಅಲ್ಲಿಯ ಜನಕ್ಕೆ ಅದು ನಿಜವಾಗಿ ನೋವಾಗುತ್ತೆ.

ಹಸಿರು ಬಸ್ಸಿಗೆ ಹತ್ತುವಾಗಲೇ ದುಡ್ಡು. ಆಕ್ಟೋಪಸ್ ಕಾರ್ಡನ್ನು, ಅಂದರೆ ಮೊದಲೇ ದುಡ್ಡು ತುಂಬಿಸಿಟ್ಟ ಅಲ್ಲಿಯ ಕಾರ್ಡನ್ನು, ಯಂತ್ರಕ್ಕೆ ತಾಕಿಸಿದರೆ ಮುಗೀತು. ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರಲ್ಲ. ಕೆಂಪು ಬಸ್ಸಿನಲ್ಲಿ ಹೆಚ್ಚಾಗಿ ಇಳಿಯುವಾಗ ಕೊಡೋದು, ನಗದು ಇಟ್ಟುಕೊಳ್ಳಿ. ಹಿರಿಯರ ರಿಯಾಯಿತಿ ಅಲ್ಲಿಯ ಗುರುತಿನ ಚೀಟಿ ಇದ್ದವರಿಗೆ ಮಾತ್ರ. ಮಕ್ಕಳನ್ನು ನೋಡೋಕೆ ಬಂದ ಅಪ್ಪ ಅಮ್ಮನಿಗೆ ಪೂರ್ತಿ ದರವೇ.

ಕೂತ ತಕ್ಷಣ ಬೆಲ್ಟ್ ಹಾಕಿಕೊಳ್ಳಿ. ಇಳಿಜಾರಿನ ತಿರುವುಗಳಲ್ಲಿ ಬಸ್ ಜೋರಾಗಿಯೇ ಹೋಗುತ್ತೆ. ಎಷ್ಟು ವೇಗ ಅಂತ ಪ್ರಯಾಣಿಕರಿಗೆ ಕಾಣುವ ಹಾಗೆ ಮುಂದೆ ಅಂಕಿ ಹೊಳೆಯುತ್ತಿರುತ್ತೆ. ಗಂಟೆಗೆ 80 ಕಿಲೋಮೀಟರ್ ದಾಟುವ ಹಾಗಿಲ್ಲ.

ಇನ್ನು ಇಳಿಯೋದು. ಹೊಸ ಬಸ್ಸುಗಳಲ್ಲಿ ಗಂಟೆ ಗುಂಡಿ ಇರುತ್ತೆ. ಇಲ್ಲದ ಕಡೆ ಕೂಗಲೇಬೇಕು: "ಯಾವ್ ಲೋಕ್!" ಅಲ್ಲಿಯ ಕ್ಯಾಂಟೊನೀಸ್ ಮಾತಿನಲ್ಲಿ ಇಳಿಯೋರು ಇದ್ದಾರೆ ಅಂತ ಅರ್ಥ. ಕೊನೆಗೆ "ಮ್‌ಗೊಯ್" ಸೇರಿಸಿ, ಅದು ದಯವಿಟ್ಟು ಅನ್ನೋದಕ್ಕೂ ಆಯ್ತು, ಉಪಕಾರ ಆಯ್ತು ಅನ್ನೋದಕ್ಕೂ ಆಯ್ತು. ಕೇಳಿಸಿದರೆ ಚಾಲಕರು ತಿರುಗಿ ನೋಡುವುದಿಲ್ಲ, ಒಂದು ಕೈ ಎತ್ತುತ್ತಾರೆ. ಕೈ ಏಳಲಿಲ್ಲ ಅಂದರೆ ಇನ್ನೊಮ್ಮೆ ಕೂಗಿ.

ನಮ್ಮ ಅವ್ವ ಹಾಂಗ್‌ಕಾಂಗಿಗೆ ಬಂದಾಗ ಮೊದಲ ದಿನ ಇದನ್ನು ಬಾಯೊಳಗೇ ಅಂದಳು. ನಮ್ಮ ಸ್ಟಾಪು ಹಿಂದೆ ಹೋಯಿತು. ಎರಡನೇ ಸಲ ನಾನು ಸುಮ್ನೆ ಕೂತೆ. ಅವ್ವ ಮುಂದಿನ ಸೀಟಿನ ಕಂಬಿ ಹಿಡಿದು, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ "ಇಲ್ಲೇ ನಿಂದ್ರಸ್ರಿ" ಅನ್ನುವ ಅದೇ ದನಿಯಲ್ಲಿ "ಯಾವ್ ಲೋಕ್ರೀ!" ಅಂದಳು. ಚಾಲಕರ ಕೈ ಮೇಲೆದ್ದಿತು. ಆಮೇಲೆ ತರಕಾರಿ ಸಂತೆಗೆ ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು.

ಹೋಗುವ ಜಾಗದ ಹೆಸರನ್ನೂ ವಾಪಸ್ ಮನೆಯ ವಿಳಾಸವನ್ನೂ ಚೀನೀ ಅಕ್ಷರದಲ್ಲಿ ಯಾರ ಕೈಲಾದರೂ ಬರೆಸಿಕೊಳ್ಳಿ. ಹತ್ತುವಾಗ ಆ ಚೀಟಿಯನ್ನು ಚಾಲಕರಿಗೆ ತೋರಿಸಿ, ಅವರ ಹಿಂದಿನ ಸೀಟಿನಲ್ಲೇ ಕೂತುಕೊಳ್ಳಿ. ಎದುರು ಮನೆ ಹುಡುಗನಿಗೆ ನಿನ್ನೆ ರಾತ್ರಿ ಅಂಥದೊಂದು ಚೀಟಿ ಬರೆದುಕೊಟ್ಟಿದ್ದೇನೆ.